ಬಿಕರ್ನಕಟ್ಟೆಯ ಗಲ್ಲು ಮತ್ತು ಶ್ರಾವಕಧರ್ಮ

ಅತ್ತಿಗುಪ್ಪೆ, ವಿಜಯನಗರಗಳ ಜೈನ ಕುಟುಂಬಗಳು ಮಂಗಳೂರಿನ ಮಾರ್ಗವಾಗಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ದರ್ಶನಕ್ಕೆ ತೆರಳುವಾಗ ಬಿಕರ್ನಕಟ್ಟೆಯನ್ನು ಹಾದುಹೋಗುವುದುಂಟು. 1837ರ ದಂಗೆಯಲ್ಲಿ ಪಾಲ್ಗೊಂಡುದಕ್ಕಾಗಿ ನಂದಾವರದ ಜೈನ ಅರಸುಮನೆತನದ ಲಕ್ಷ್ಮಪ್ಪ ಬಂಗರಸರನ್ನು ಈಸ್ಟ್ ಇಂಡಿಯಾ ಕಂಪನಿಯು ಗಲ್ಲಿಗೇರಿಸಿದುದು ಅಲ್ಲಿಯೇ.

1834ರಲ್ಲಿ ಕಂಪನಿಯು ಕೊಡಗನ್ನು ವಶಪಡಿಸಿಕೊಂಡು, ಅಮರಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆಯ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ನಗದನ್ನೇ ತೆರಬೇಕಾಯಿತು. ನಗದಿಗಾಗಿ ಸಾಲಗಾರರಾದರು.

ಅದೇ ವರ್ಷ ಇಂಗ್ಲೆಂಡಿನ ಟಾಲ್‌ಪಡಲ್ ಗ್ರಾಮದ ಆರು ಮಂದಿ ಕೃಷಿಕೂಲಿಗಳು ಸಂಘ ಕಟ್ಟಿ ಪ್ರಮಾಣ ಸ್ವೀಕರಿಸಿದ ಅಪರಾಧಕ್ಕಾಗಿ ಆಸ್ಟ್ರೇಲಿಯಾಕ್ಕೆ ಗಡೀಪಾರಾದರು. ಅಲ್ಲಿ ಸಾರ್ವಜನಿಕ ಸಭೆಗಳು ನಡೆದವು, ಮನವಿಗಳು ಸಂಸತ್ತನ್ನು ಮುಟ್ಟಿದವು. 1836ರಲ್ಲಿ ಅವರಿಗೆ ಕ್ಷಮಾದಾನ ದೊರೆಯಿತು. ಸುಳ್ಯದ ರೈತನ ಕೂಗನ್ನು ಆಲಿಸುವ ಸಂಸತ್ತು ಇರಲಿಲ್ಲ. ಅವನು ಆಯುಧ ಹಿಡಿದನು.

ಕೆದಂಬಾಡಿ ರಾಮಯ್ಯಗೌಡ, ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮುಂದೆ ನಿಂತ ಪುಟ್ಟಬಸಪ್ಪ ಮೊದಲಾದವರ ನಾಯಕತ್ವದಲ್ಲಿ ರೈತರು 1837ರ ಏಪ್ರಿಲ್ 5ರಂದು ಮಂಗಳೂರನ್ನು ಪ್ರವೇಶಿಸಿ, 13 ದಿನ ಆಳಿದರು. ಕಣ್ಣೂರು, ತಲಚೇರಿಗಳಿಂದ ಬಂದ ಸೈನ್ಯ ದಂಗೆಯನ್ನು ಅಡಗಿಸಿತು.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆತನದವರು ಶಸ್ತ್ರಸಂಘರ್ಷಕ್ಕೆ ಇಳಿದುದು ಸರಿಯೇ? ಜೈನಾಚಾರವು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸುತ್ತದೆ. ಸಂಕಲ್ಪಿ ಹಿಂಸೆಯು ಶ್ರಾವಕನಿಗೆ ಸರ್ವಥಾ ತ್ಯಾಜ್ಯ. ಆಕ್ರಮಣವನ್ನು ತಡೆಯುವಾಗ ಒದಗುವ ವಿರೋಧಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತೊರೆಯಲಾರ. ಆಶ್ರಿತರ ರಕ್ಷಣೆ ಅರಸನ ಹೊಣೆಯೂ ಹೌದು. ಆದರೆ ಅನಿವಾರ್ಯವೆಂಬ ಮಾತು ಹಿಂಸೆಯನ್ನು ಪುಣ್ಯವಾಗಿಸುವುದಿಲ್ಲ; ಕಷಾಯ ಬೆರೆತಷ್ಟೂ ಕರ್ಮಬಂಧ ಗಾಢವಾಗುತ್ತದೆ. ಆದುದರಿಂದ ಬಂಗರಸರ ತ್ಯಾಗವನ್ನು ಗೌರವಿಸುವುದೂ, ಖಡ್ಗವನ್ನು ಪೂಜಿಸದಿರುವುದೂ ಒಟ್ಟಿಗೆ ಸಾಧ್ಯ.

ಸುಮಾರು ಒಂದು ಶತಮಾನದ ನಂತರ ಇದೇ ಕರಾವಳಿಯ ಉತ್ತರ ಭಾಗ ಇನ್ನೊಂದು ಉತ್ತರವನ್ನು ನೀಡಿತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅನಂತರ ಅಂಕೋಲಾ, ಸಿದ್ದಾಪುರಗಳ ರೈತರು ಕರ ನಿರಾಕರಿಸಿದರು. ಸರ್ಕಾರವು ಹೊಲಮನೆಗಳನ್ನು ಜಪ್ತಿ ಮಾಡಿತು. ಅವರು ಕೈಯೆತ್ತಲಿಲ್ಲ, ಕರವನ್ನೂ ತೆರಲಿಲ್ಲ. ಆಸ್ತಿಯ ಮೋಹವನ್ನು ಬಿಟ್ಟವರನ್ನು ಜಪ್ತಿಯಿಂದ ಹೆದರಿಸಲಾಗದು. ಅಹಿಂಸೆಯ ಬಲವು ಅಪರಿಗ್ರಹದಲ್ಲಿ ಬೇರೂರಿದೆ ಎಂಬ ಸತ್ಯವನ್ನು ಆ ರೈತರು ಬದುಕಿ ತೋರಿದರು.

ಬಿಕರ್ನಕಟ್ಟೆಯನ್ನು ಹಾದುಹೋಗುವ ಯಾತ್ರಿಕನು ಅಲ್ಲಿ ಕ್ಷಣಕಾಲ ಮೌನವಾಗಿ ನಿಂತು ಮುನ್ನಡೆದರೆ, ಬಸದಿಯ ದರ್ಶನಕ್ಕೆ ಇನ್ನಷ್ಟು ಅರ್ಥ ಬಂದೀತು.