ಐದು ಹಡಗು ಹೋದವು, ಐದೂ ವಾಪಸ್ ಬಂದವು: ಕಮೊಡೋರ್ ಗೋಪಾಲ್ ರಾವ್

ನಂದಿನಿ ಲೇಔಟ್‌ನವರು ಸಮುದ್ರ ನೋಡ್ಬೇಕು ಅಂದ್ರೆ ಗೊರಗುಂಟೆಪಾಳ್ಯಕ್ಕೆ ಹೋಗಿ ಮಂಗಳೂರು ಬಸ್ ಹತ್ತಬೇಕು. ಸುಮಾರು 350 ಕಿಲೋಮೀಟರ್ ದಾರಿ. ಅದಕ್ಕೇ ಇರಬೇಕು, ಸೈನ್ಯ ಅಂದ ತಕ್ಷಣ ನಮಗೆ ನೆನಪಾಗೋದು ಕಾರ್ಯಪ್ಪ, ತಿಮ್ಮಯ್ಯ. ನೌಕಾಪಡೆಯವರ ಒಂದು ಹೆಸರು ಹೇಳಿ ಅಂದ್ರೆ ಸುಮ್ಮನಾಗ್ತೀವಿ. ಇವತ್ತಿನ ಸಂಚಿಕೆ ಅಂಥ ಒಬ್ಬರ ಬಗ್ಗೆ. ಹೆಸರಲ್ಲೇ ಕರಾವಳಿಯ ಊರನ್ನು ಹೊತ್ತಿದ್ದ ಕಾಸರಗೋಡು ಪಟ್ಣಶೆಟ್ಟಿ ಗೋಪಾಲ್ ರಾವ್.

ಅವರು ಹುಟ್ಟಿದ್ದು 1926ರಲ್ಲಿ, ಮದುರೈನಲ್ಲಿ. ಕಾಸರಗೋಡಿನ ಹೆಸರಿರೋರು ಮದುರೈಯವರು ಹೇಗಾದ್ರು ಅಂತ ಅನಿಸಬಹುದು. ಆಗ ಎರಡೂ ಊರು ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ಅದು ಕೇರಳಕ್ಕೆ ಸೇರಿದ್ದು 1956ರಲ್ಲಿ.

ಈಗ 1971ರ ಡಿಸೆಂಬರ್‌ಗೆ ಬರೋಣ. ಗೋಪಾಲ್ ರಾವ್ ಅವರಿಗೆ 45 ವರ್ಷ. ಹೆಂಡತಿ ಮಕ್ಕಳಿರುವ ಸಂಸಾರಸ್ಥ. ಕಮಾಂಡರ್ ಹುದ್ದೆಯಲ್ಲಿದ್ದು, ಐಎನ್‌ಎಸ್ ಕಿಲ್ತಾನ್ ಹಡಗಿನ ಹೊಣೆ ಹೊತ್ತಿದ್ದರು. ಕಿಲ್ತಾನ್ ಅನ್ನೋದು ಲಕ್ಷದ್ವೀಪದ ಒಂದು ದ್ವೀಪದ ಹೆಸರು.

ಡಿಸೆಂಬರ್ 3ರ ಸಂಜೆ ಯುದ್ಧ ಶುರುವಾಯ್ತು. ಮಾರನೇ ರಾತ್ರಿಯೇ ಕರಾಚಿ ಬಂದರಿನ ಮೇಲೆ ದಾಳಿ. ಅದೇ ಆಪರೇಷನ್ ಟ್ರೈಡೆಂಟ್. ದಾಳಿಗೆ ಆರಿಸಿದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳನ್ನು. ಸೋವಿಯತ್ ಒಕ್ಕೂಟದಿಂದ ತಂದವು. ಒಂದೊಂದರಲ್ಲೂ ನಾಲ್ಕು ಕ್ಷಿಪಣಿ. ಆದರೆ ಇವು ಮೂಲದಲ್ಲಿ ತೀರ ಕಾಯೋದಕ್ಕೆ ಅಂತ ಮಾಡಿದ ಚಿಕ್ಕ ದೋಣಿಗಳು. ತುಂಬಾ ದೂರ ಹೋಗಿಬರುವಷ್ಟು ಇಂಧನ ಹಿಡಿಸೋದಿಲ್ಲ. ನೀರಿನಡಿಯ ಜಲಾಂತರ್ಗಾಮಿಯನ್ನು ಪತ್ತೆ ಮಾಡೋ ಸಾಧನವೂ ಇಲ್ಲ.

ಹಾಗಾಗಿ ಜೊತೆಗೆ ಎರಡು ದೊಡ್ಡ ಹಡಗು ಹೊರಟವು: ಕಿಲ್ತಾನ್ ಮತ್ತು ಕಚ್ಚಲ್. ದೂರದಲ್ಲಿರುವ ಶತ್ರುವನ್ನು ಹುಡುಕೋದು, ಜಲಾಂತರ್ಗಾಮಿಗಳಿಂದ ಕಾಯೋದು ಇವುಗಳ ಕೆಲಸ. ಕ್ಷಿಪಣಿ ದೋಣಿಗಳ ಮುಖ್ಯಸ್ಥ ಬಬ್ರು ಭಾನ್ ಯಾದವ್ ನಿಪಾತ್‌ನಲ್ಲಿದ್ದರು. ಇಡೀ ಗುಂಪನ್ನು ಕರೆದುಕೊಂಡು ಹೋದವರು ಗೋಪಾಲ್ ರಾವ್.

ಆ ರಾತ್ರಿ ಪಾಕಿಸ್ತಾನದ ಯುದ್ಧನೌಕೆ ಖೈಬರ್, ಮೈನ್‌ಸ್ವೀಪರ್ ಮುಹಾಫಿಜ್, ಸರಕು ಹಡಗು ವೀನಸ್ ಚಾಲೆಂಜರ್ ಮುಳುಗಿದವು. ಕೆಮಾರಿಯ ತೈಲ ಟ್ಯಾಂಕ್‌ಗಳಿಗೆ ಬೆಂಕಿ ಬಿತ್ತು. ಭಾರತದ ಕಡೆ ಒಂದು ಜೀವವೂ ಹೋಗಲಿಲ್ಲ. ಖೈಬರ್‌ನಲ್ಲಿ ಮಾತ್ರ ಇನ್ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಅವರಿಗೂ ಮನೆ ಇತ್ತು, ಮಕ್ಕಳಿದ್ದರು. ಗೆಲುವಿನ ಕಥೆ ಹೇಳುವಾಗ ಇದನ್ನೂ ಹೇಳಬೇಕು.

ಈ ಕಥೆಯಲ್ಲಿ ಎಲ್ಲರಿಗೂ ನೆನಪಿರೋದು ಕ್ಷಿಪಣಿ. ನನಗೆ ದೊಡ್ಡದಾಗಿ ಕಾಣೋದು ಬೇರೆ: ಹೋದ ಐದು ಹಡಗುಗಳೂ ವಾಪಸ್ ಬಂದವು. ಅದು ಎಷ್ಟು ದೊಡ್ಡ ಮಾತು ಅಂತ ಐದೇ ದಿನದಲ್ಲಿ ಗೊತ್ತಾಯ್ತು. ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ, ಹಂಗೋರ್ ಎಂಬ ಪಾಕಿಸ್ತಾನಿ ಜಲಾಂತರ್ಗಾಮಿ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗಿನ ಜೊತೆಗೇ ಮುಳುಗಿದರು. ಕಿಲ್ತಾನ್ ಯಾವ ಅಪಾಯದ ನಡುವೆ ಹೋಗಿಬಂದಿತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಮನೆಯವರ ಕಡೆಯಿಂದ ಯೋಚನೆ ಮಾಡಿ. ಆಗ ಮೊಬೈಲ್ ಇಲ್ಲ. ಕಾರ್ಯಾಚರಣೆ ಗುಟ್ಟು. ಬಾಂಬೆಯಲ್ಲಿ ರಾತ್ರಿ ದೀಪ ಆರಿಸಿ ಕೂರಬೇಕು. ಹಡಗು ಎಲ್ಲಿದೆ ಅಂತ ಯಾರನ್ನು ಕೇಳೋದು? ಮಕ್ಕಳು ಕೇಳಿದ್ರೆ ಏನು ಹೇಳೋದು? ನೌಕಾಪಡೆಯ ಸಂಸಾರ ಅಂದ್ರೆ ಅರ್ಧ ಕಾಯೋದೇ. ಆ ಕಾಯುವಿಕೆಗೆ ಯಾವ ಪದಕವೂ ಇಲ್ಲ.

ಗೋಪಾಲ್ ರಾವ್ ಅವರಿಗೆ ಮಹಾವೀರ ಚಕ್ರ ಬಂತು. ಕಮೊಡೋರ್ ಆಗಿ ನಿವೃತ್ತರಾದರು. ಯುದ್ಧದ ನಂತರ ಐವತ್ತು ವರ್ಷದ ಬಾಳು ಅವರಿಗೆ ಸಿಕ್ಕಿತು. 2021ರ ಆಗಸ್ಟ್‌ನಲ್ಲಿ, 94ನೇ ವಯಸ್ಸಿನಲ್ಲಿ, ಚೆನ್ನೈನಲ್ಲಿ ತೀರಿಕೊಂಡರು. ಹಳೆಯ ಕಿಲ್ತಾನ್ ಈಗಿಲ್ಲ. ಅದೇ ಹೆಸರಿನ ಹೊಸ ಹಡಗು 2017ರಲ್ಲಿ ನೌಕಾಪಡೆ ಸೇರಿದೆ.

ಆ ರಾತ್ರಿಯ ನೆನಪಿಗೇ ಪ್ರತಿವರ್ಷ ಡಿಸೆಂಬರ್ 4 ನೌಕಾಪಡೆ ದಿನ. ಕಾರವಾರಕ್ಕೆ ಹೋದ್ರೆ ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು ಮ್ಯೂಸಿಯಂ ಮಾಡಿದ್ದಾರೆ, ಮಕ್ಕಳಿಗೆ ತೋರಿಸಿ. ಅಷ್ಟು ಚಿಕ್ಕದರಲ್ಲಿ ಕರಾಚಿಗೆ ಹೋಗಿದ್ರಾ ಅಂತ ಅವರೇ ಕೇಳ್ತಾರೆ. ನಿಮ್ಮ ರಸ್ತೆಯಲ್ಲೇ ನೌಕಾಪಡೆಯಿಂದ ನಿವೃತ್ತರಾದ ಹಿರಿಯರಿದ್ದರೆ ಹೋಗಿ ಮಾತಾಡಿಸಿ. ಅವರ ಕಥೆ ಕೇಳಿದ ಮೇಲೆ, ಆ ದಿನಗಳಲ್ಲಿ ನೀವು ಹೇಗಿದ್ರಿ ಅಂತ ಮನೆಯವರನ್ನೂ ಒಂದು ಮಾತು ಕೇಳಿ.