ಒಂದೇ ಒಂದು ಓಮ್

ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಗುಣಿಸಿದರೆ ಪವರ್ ಎಂದು ಎಲ್ಲರೂ ಮಗ್ಗಿಯಂತೆ ಒಪ್ಪಿಸುತ್ತಿದ್ದರು. ‘ಇದು ಎಲ್ಲಿಗೆ ಬರುತ್ತೆ ಸಾರ್?’ ಎಂದು ಯಾರಾದರೂ ಕೇಳಿದರೆ ಶಿವನಸಮುದ್ರದ ಕಥೆ ತೆಗೆಯುತ್ತಿದ್ದೆ.

1902ರ ಜೂನ್‌ನಲ್ಲಿ ಅಲ್ಲಿನ ಕಾವೇರಿ ನೀರಿನ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತು. ದೂರ 92 ಮೈಲಿ. ಆ ಕಾಲಕ್ಕೆ ಲೋಕದ ಅತಿ ಉದ್ದದ ಲೈನುಗಳಲ್ಲೊಂದು. ಯೋಜನೆಗೆ ಬೆನ್ನಾಗಿ ನಿಂತಿದ್ದ ಮೈಸೂರು ದಿವಾನ ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಕೆಲಸ ಮುಗಿಸಿದರು. ಬೆಂಗಳೂರಿನ ಬೀದಿದೀಪ ಬಂದದ್ದು ಆಮೇಲೆ, 1905ರಲ್ಲಿ. ಮೊದಲ ಪಾಲು ಗಣಿಯದು.

ಗಣಿಗೆ ಬೇಕಿದ್ದದ್ದು 4,000 ಅಶ್ವಶಕ್ತಿ, ಅಂದರೆ ಸುಮಾರು 3,000 ಕಿಲೋವ್ಯಾಟ್. ಜನರೇಟರ್ ಕೊಡುತ್ತಿದ್ದದ್ದು 2,200 ವೋಲ್ಟ್. ಮೂರು ಫೇಸಿನ ತೊಡಕು ಬದಿಗಿಟ್ಟು ಬೋರ್ಡಿನ ಮೇಲೆ ಭಾಗಿಸಿದರೆ ಹತ್ತಿರ ಹತ್ತಿರ 1,364 ಆಂಪಿಯರ್. ಇದನ್ನು ಹಾಗೇ ಕೋಲಾರಕ್ಕೆ ಕಳಿಸಿದರೆ? ಅಷ್ಟು ದೂರದ ತಾಮ್ರದ ತಂತಿಗೆ ಒಂದೇ ಒಂದು ಓಮ್ ರೆಸಿಸ್ಟೆನ್ಸ್ ಎಂದು ಧಾರಾಳವಾಗಿಯೇ ಇಟ್ಟುಕೊಳ್ಳಿ. ದಾರಿಯಲ್ಲೇ 1,364 ವೋಲ್ಟ್ ಇಳಿದುಹೋಯಿತು. ಕರೆಂಟಿನ ವರ್ಗವನ್ನು ಓಮಿನಿಂದ ಗುಣಿಸಿ: 1,860 ಕಿಲೋವ್ಯಾಟ್ ಬರೀ ತಂತಿ ಕಾಯಿಸಲು! ಅದಕ್ಕೇ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜನ್ನು 30,000ದ ಆಸುಪಾಸಿಗೆ ಏರಿಸಿದರು. ಕರೆಂಟು 100 ಆಂಪಿಯರಿಗೆ ಇಳಿಯಿತು, ಅದೇ ಒಂದು ಓಮಿನಲ್ಲಿ ನಷ್ಟ 10 ಕಿಲೋವ್ಯಾಟ್. ಬೋರ್ಡಿನಲ್ಲಿ ಈ ಎರಡು ಅಂಕಿ ಅಕ್ಕಪಕ್ಕ ಬಂದಾಗ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು.

ಈ ಲೆಕ್ಕದ ಮೂಲಪುರುಷ ಜರ್ಮನಿಯ ಕಲೋನ್‌ನ ಶಾಲಾ ಮೇಷ್ಟರು ಗೇಯಾರ್ಗ್ ಓಮ್. (ಮೇಷ್ಟರೆಂಬ ಅಭಿಮಾನ ನನಗೆ ಸ್ವಲ್ಪ ಜಾಸ್ತಿಯೇ.) ಅಂದಿನ ಬ್ಯಾಟರಿಗಳ ವೋಲ್ಟೇಜು ಒಂದೆಡೆ ನಿಲ್ಲುತ್ತಿರಲಿಲ್ಲ. ಆತ ಬಿಸ್ಮತ್ ಮತ್ತು ತಾಮ್ರ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಕದಲದ ವೋಲ್ಟೇಜ್ ಪಡೆದ. ಬೇರೆ ಬೇರೆ ಉದ್ದದ ತಂತಿ ಜೋಡಿಸಿ, ಕಾಂತದ ಸೂಜಿ ಎಷ್ಟು ತಿರುಗುತ್ತದೆಂದು ಅಳೆದ. 1827ರಲ್ಲಿ ಪುಸ್ತಕ ಬಂತು. ಸ್ವದೇಶದಲ್ಲಿ ಹೆಚ್ಚು ಜನ ಕಿವಿಗೊಡಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಪದಕ ಕೊಟ್ಟಿತು. ತಂತಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆಂದು ಜೌಲ್ ತೋರಿಸಿದ್ದೂ ಅದೇ ಹೊತ್ತಿಗೆ.

ಇದೇ ಲೆಕ್ಕ ನಮ್ಮ ತೋಟಕ್ಕೂ ಬರುತ್ತದೆ. ತೋಟದ ಮೂಲೆಯ ಬೋರಿಗೆ ಸಣ್ಣ ವಯರ್ ಎಳೆಸಿ, ಮೋಟರ್ ಸುಟ್ಟಾಗ ಕರೆಂಟಿನವರನ್ನು ಬೈಯುವವರನ್ನು ಕಂಡಿದ್ದೇನೆ. ಮೋಟರ್ ನಿಂತಿದ್ದಾಗ ಮೀಟರ್ ಹಿಡಿದರೆ 230 ತೋರಿಸುತ್ತದೆ, ಏಕೆಂದರೆ ವಯರಿನಲ್ಲಿ ಕರೆಂಟೇ ಹರಿಯುತ್ತಿಲ್ಲ. ಓಡುವಾಗ ಮೋಟರ್ ಹತ್ತಿರ 180, ಮನೆಯ ಮೀಟರ್ ಬೋರ್ಡಿನಲ್ಲಿ ಇನ್ನೂ 230 ಇದ್ದು, ಕರೆಂಟು ಅಳೆಯುವ ಟಾಂಗ್ ಟೆಸ್ಟರ್ 10 ಆಂಪಿಯರ್ ತೋರಿಸಿತೆನ್ನಿ: ನಡುವಿನ ವಯರಿಗೆ 5 ಓಮ್, ಅದರಲ್ಲಿ ಉರಿಯುತ್ತಿರುವುದು 500 ವ್ಯಾಟ್. ಆ ಬಿಲ್ಲನ್ನೂ ನೀವೇ ಕಟ್ಟುತ್ತಿದ್ದೀರಿ. ವೈರ್‌ಮನ್‌ನನ್ನು ಕರೆಸಿದಾಗ ಮೋಟರ್ ಓಡಿಸಿಯೇ ಎರಡೂ ಕಡೆ ವೋಲ್ಟೇಜ್ ನೋಡಲು ಹೇಳಿ.