ಕೆಂಪು ತ್ರಿಕೋನ ಮತ್ತು ನರ್ಸಮ್ಮ

ಮೊನ್ನೆ ಊರಿಗೆ ಹೋದಾಗ ಹಳೇ ಉಪಕೇಂದ್ರದ ಗೋಡೆ ಮೇಲೆ ಮಾಸಿದ ಕೆಂಪು ತ್ರಿಕೋನ ಕಾಣಿಸಿತು. ಚಿಕ್ಕವನಿದ್ದಾಗ ಅದು ಯಾವುದೋ ಪಕ್ಷದ ಚಿಹ್ನೆ ಅಂದುಕೊಂಡಿದ್ದೆ :)

ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಕ್ಲಿನಿಕ್ ತೆರೆಯಲು ಮೈಸೂರು ಸಂಸ್ಥಾನ 1930ರಲ್ಲೇ ಆದೇಶ ಹೊರಡಿಸಿತ್ತು. ಆದರೆ ಕುಂದಾಪುರ ಆಗ ಮದ್ರಾಸಿನದ್ದು, ಆ ಆದೇಶ ನಮಗಲ್ಲ! 1952ರಲ್ಲಿ ಕೇಂದ್ರದ ಕುಟುಂಬ ಯೋಜನೆ ಶುರುವಾಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಮೇಲೆ ಬಂದದ್ದು ಗೋಡೆಬರಹ, ‘ನಾವಿಬ್ಬರು ನಮಗಿಬ್ಬರು’.

ಗೋಡೆ ಓದಿ ಬದಲಾದ ಮನೆಯನ್ನಂತೂ ನಾನು ಕಂಡಿಲ್ಲ. ಬದಲಾಯಿಸಿದ್ದು ನರ್ಸಮ್ಮ. ಬೈಂದೂರು, ಬ್ರಹ್ಮಾವರ ಎರಡೂ ಆಗಿನ್ನೂ ತಾಲೂಕುಗಳಲ್ಲ. ಗಂಗೊಳ್ಳಿಯಿಂದ ಹಂಗಾರಕಟ್ಟೆಯವರೆಗೆ ಬರೀ ಹೊಳೆ, ಕುದ್ರುಗಳಿಗೆ ದೋಣಿಯೇ ಗತಿ. ಕೊಡೆ, ಚೀಲ, ದೊಡ್ಡ ರಿಜಿಸ್ಟರು ಹಿಡಿದು ಬರುತ್ತಿದ್ದ ಅವರು ಮೊದಲು ಮಾತಾಡಿಸುತ್ತಿದ್ದದ್ದು ಅಜ್ಜಿಯಂದಿರನ್ನು. ಬುದ್ಧಿವಂತೆ! ಬಂಟರ, ಮೊಗವೀರರ ಅಳಿಯಕಟ್ಟಿನ ಮನೆಗಳಲ್ಲಿ ಹೆಣ್ಣುಮಕ್ಕಳ ಬಸಿರು ಬಾಣಂತನದ ವಿಷಯಕ್ಕೆ ತಾಯಿಯ ಮಾತೇ ಕೊನೆ.

ನನ್ನ ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಐದು. ಅಂಥವರ ಎದುರು ‘ಎರಡೇ ಸಾಕು’ ಅಂದರೆ ಯಾರು ಕೇಳುತ್ತಾರೆ? ನರ್ಸಮ್ಮ ಆ ಸುದ್ದಿಯನ್ನೇ ಎತ್ತಲಿಲ್ಲವಂತೆ. ಬಸುರಿಗೆ ಧನುರ್ವಾಯುವಿನ ಸೂಜಿ ಹಾಕಿಸಿ, ಬಾಣಂತಿಗೆ ನೀರು ಕೊಡಿ, ಮೊದಲ ಹಾಲು ಚೆಲ್ಲಬೇಡಿ... ಹೀಗೆ ವರ್ಷಗಟ್ಟಲೆ. ಹುಟ್ಟಿದ ಮಕ್ಕಳು ಉಳಿಯುತ್ತವೆ ಅಂತ ಅಜ್ಜಿಗೆ ಧೈರ್ಯ ಬಂದ ಮೇಲೆಯೇ ಉಳಿದ ಮಾತು.

ಇದರ ಮಧ್ಯೆ ತುರ್ತುಪರಿಸ್ಥಿತಿ. 1976-77 ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆ, ಬಹುಪಾಲು ಗಂಡಸರಿಗೆ, ಉತ್ತರದಲ್ಲಿ ಎಷ್ಟೋ ಕಡೆ ಬಲವಂತವಾಗಿ. 1977ರಲ್ಲಿ ಸರ್ಕಾರ ಬದಲಾಯಿತು, ‘ಯೋಜನೆ’ ಹೋಗಿ ‘ಕುಟುಂಬ ಕಲ್ಯಾಣ’ ಆಯಿತು. ಗಂಡಸರು ಅವತ್ತು ಹಿಂದೆ ಸರಿದವರು ಮತ್ತೆ ಬರಲೇ ಇಲ್ಲ. ಟಾರ್ಗೆಟ್ ಮಾತ್ರ 1996ರವರೆಗೂ ಉಳಿಯಿತು. ನರ್ಸಮ್ಮನ ರಿಜಿಸ್ಟರಿನಲ್ಲಿ ಸೂಜಿ, ತೂಕದ ಜೊತೆಗೆ ಆಪರೇಷನ್ ‘ಕೇಸು’ಗಳ ಲೆಕ್ಕ. ಅಷ್ಟು ಕಷ್ಟಪಟ್ಟು ಗಳಿಸಿದ ನಂಬಿಕೆಯನ್ನು ಹೀಗೆ ಖರ್ಚು ಮಾಡಿಸಿದ್ದು ನನಗಂತೂ ಅನ್ಯಾಯ ಅನಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಪರೇಷನ್ ಆದ ಹೆಂಗಸರು ಶೇ. 37.9, ಗಂಡಸರು ಶೇ. 0.3.

ನಾನು ಎರಡನೆಯವನು, 1979ರಲ್ಲಿ ಹುಟ್ಟಿದ್ದು. ನನ್ನ ನಂತರ ಅಮ್ಮನಿಗೆ ಆಪರೇಷನ್ ಆಯಿತು. ಅಪ್ಪನಿಗೆ ಯಾಕೆ ಹೇಳಲಿಲ್ಲ ಅಂತ ಮೊನ್ನೆ ಕೇಳಿದೆ.

"ಅವ್ರನ್ ಯಾರ್ ಕೇಂತ್ರ್?" ಅಂದಳು ಅಮ್ಮ, ಅಕ್ಕಿ ಆರಿಸುತ್ತಾ.